ಸಾವು ಸೊನ್ನೆ, ಮೇಡಂ

ಜನವರಿ 9, 2019. ಬೆಳಿಗ್ಗೆ

ಇವತ್ತೂ ಅನ್ನ ತಳ ಹಿಡಿಯಿತು. ತೆಂಗಿನ ಹಾಲು ಮೊದಲು ಹಾಕಬೇಕೋ ಆಮೇಲೋ — ದಿನಾ ಮರೆಯುತ್ತೇನೆ. ಅತ್ತೆ ಪಾತ್ರೆಗೆ ನೀರು ಹುಯ್ದು ನೆನೆಯಲು ಬಿಟ್ಟರು, ಅಷ್ಟೆ. ನಾದಿನಿ ಮ್ವಾಂತುಮು ಬಿಡುವ ಪೈಕಿ ಅಲ್ಲ.

"ಅತ್ತಿಗೆ, ನಿಮ್ಮ ಇಂಗ್ಲಿಷ್ ಸ್ಕೂಲಲ್ಲಿ ಅನ್ನಕ್ಕೆ ರೈಸ್ ಅನ್ನೋದಷ್ಟೇ ಹೇಳ್ಕೊಟ್ರಾ? ಅದನ್ನ ಒಲೆ ಮೇಲಿಡೋದು ಯಾವ ಕ್ಲಾಸಲ್ಲಿ ಬರ್ತಿತ್ತು?"

"ಆ ಕ್ಲಾಸಿಗೆ ನಾನು ಚಕ್ಕರ್ ಹೊಡೆದಿದ್ದೆ."

ಬಿದ್ದು ಬಿದ್ದು ನಕ್ಕಳು. ಕಿತ್ತಳೆ ತುಂಬಿದ ಬೇಸಿನ್ನು ತಲೆಯ ಮೇಲಿಟ್ಟುಕೊಂಡು, ನಗುತ್ತಲೇ ಹೆದ್ದಾರಿಗೆ ಹೋದಳು. ಇಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಹಂಪ್ಸ್ ಇರುವಲ್ಲಿ ಬಸ್ಸುಗಳು ನಿಧಾನ ಮಾಡಲೇಬೇಕು. ಈ ಕ್ವಾಸುಂಗು ಊರಿನ ಅರ್ಧ ಹೆಂಗಸರ ವ್ಯಾಪಾರ ಆ ಹಂಪ್ಸ್ ಮೇಲೆ ನಿಂತಿದೆ.

ಹತೀಬುವಿನ ಬಿಳಿ ಯೂನಿಫಾರ್ಮ್ ನಾನೇ ಇಸ್ತ್ರಿ ಮಾಡಿದೆ. ಇದ್ದಿಲ ಇಸ್ತ್ರಿಪೆಟ್ಟಿಗೆ, ಕೈ ಸುಟ್ಟುಕೊಂಡೆ. ಅವನು ಆ ಬೆರಳಿಗೆ ಊದಿದ. ಅಯ್ಯೋ ದೇವರೇ, ಇನ್ನೊಂದು ಬೆರಳೂ ಸುಟ್ಟುಕೊಳ್ಳೋಣ ಅನ್ನಿಸಿತು! ನನ್ನ ಗಂಡ. ಬರೆಯಲು ಎಷ್ಟು ಚೆನ್ನಾಗಿದೆ. ನನ್ನ ಗಂಡ, ನನ್ನ ಗಂಡ, ನನ್ನ ಗಂಡ.

ಜನವರಿ 10

ನಾವಿಬ್ಬರೂ ಪರಿಚಯವಾದದ್ದು ಹೇಗೆ ಎಂದು ಅತ್ತೆಯ ತಂಗಿ ಕೇಳಿದರು.

"ಸತ್ತವರ ಲೆಕ್ಕದಿಂದ," ಅಂದೆ. ಅವರ ಬಾಯಿ ತೆರೆದದ್ದು ತೆರೆದೇ ಉಳಿಯಿತು.

ಆದರೆ ನಿಜ! ಟಾಂಗಾ ಪಟ್ಟಣದ ರಸ್ತೆ ಸುರಕ್ಷತಾ ಕಚೇರಿಯಲ್ಲಿ ನನ್ನ ಕೆಲಸವೇ ಅದು. ತಿಂಗಳ ಮೊದಲಲ್ಲಿ ಹೆದ್ದಾರಿಯ ಪ್ರತಿ ಪೊಲೀಸ್ ಚೌಕಿಗೂ ಫೋನ್ ಮಾಡಿ ಅಂಕಿ ಬರೆದುಕೊಳ್ಳಬೇಕು. ಎಲ್ಲರೂ ಗೊಣಗುತ್ತಾರೆ, ಉಗುಳುತ್ತಾರೆ, ಆಮೇಲೆ ಮಾಡಿ ಅನ್ನುತ್ತಾರೆ. ಕ್ವಾಸುಂಗು ಚೌಕಿಯ ಸಾರ್ಜೆಂಟ್ ಮಾತ್ರ ಒಂದೊಂದೇ ಮಾತನ್ನು ಜೋಪಾನವಾಗಿ ಕೈಗಿಡುವ ಹಾಗೆ ಹೇಳುತ್ತಿದ್ದ. "ಸಣ್ಣ ಗಾಯ ಐದು, ಮೇಡಂ. ಗಂಭೀರ ಗಾಯ ಎಂಟು, ಮೇಡಂ. ಸಾವು ಸೊನ್ನೆ, ಮೇಡಂ."

ಆ ಸೊನ್ನೆ! ಉಳಿದ ಚೌಕಿಗಳಲ್ಲಿ ನಾಲ್ಕು, ಆರು, ಒಂಬತ್ತು. ಇವನದು ಸೊನ್ನೆ. ಇಡೀ ಊರನ್ನು ಅಂಗೈಯಲ್ಲಿಟ್ಟು ಕಾಯುವ ಗಂಡಸು ಎಂದುಕೊಂಡೆ. ಒಂದು ಸಲ ಕೇಳಿಯೇಬಿಟ್ಟೆ: "ಸಾರ್ಜೆಂಟ್, ಸೊನ್ನೆ ಹೇಳುವಾಗ ನಗ್ತೀರಾ?" "ಇಲ್ಲ ಮೇಡಂ." ಆ ಕಡೆ ಕಾಗದ ಸರಿದ ಸದ್ದು. "ಈಗ ನಗ್ತಿದ್ದೀನಿ."

ಅಲ್ಲಿಗೆ ಮುಗಿಯಿತು ನನ್ನ ಕಥೆ.

ಜನವರಿ 11

ಬಾಸ್ ಕೆಸ್ಸಿ ಫೋನ್ ಮಾಡಿದ್ದರು, ಮದುವೆ ರಜೆಯಲ್ಲೂ! "ಝೈತುನಿ, ನಿನ್ನ ಗ್ರಾಫು ದಾರ್ ಎಸ್ ಸಲಾಮ್‌ನ ಹೆಡ್ ಆಫೀಸಿನವರೆಗೂ ಹೋಗಿದೆ ಕಣಮ್ಮ. ಫೆಬ್ರವರಿಯಲ್ಲಿ ದೊಡ್ಡವರು ಬರ್ತಾರೆ. ನೀನೇ ನಿಂತು ಹೇಳ್ಬೇಕು."

ನನ್ನ ಗ್ರಾಫ್ ಅಂದರೆ ಕ್ವಾಸುಂಗುವಿನ ಗ್ರಾಫ್. ಐದು ವರ್ಷದ ಹಿಂದೆ ಈ ಪುಟ್ಟ ತುಂಡು ರಸ್ತೆಯಲ್ಲಿ ವರ್ಷಕ್ಕೆ ಮೂವತ್ತೊಂದು ಸಾವು. ಹತೀಬು ಬಂದ ವರ್ಷ ಹದಿನಾಲ್ಕು. ಆಮೇಲೆ ಮೂರು. ಹೋದ ವರ್ಷ ಒಂದೂ ಇಲ್ಲ. ಅದೇ ಹೊತ್ತಿಗೆ ಗಂಭೀರ ಗಾಯ ಏರಿದೆ. ಎರಡು ಗೆರೆಗಳು ಕತ್ತರಿಯ ಹಾಗೆ ಅಡ್ಡ ಹಾಯುತ್ತವೆ. ಕೆಳಗೆ ನನ್ನ ವ್ಯಾಖ್ಯಾನ: ಹೆಲ್ಮೆಟ್ ಬಂತು, ಜನ ಆಸ್ಪತ್ರೆಗೆ ಬೇಗ ಹೋಗುತ್ತಿದ್ದಾರೆ, ಹಿಂದೆ ಸಾಯುತ್ತಿದ್ದವರು ಈಗ ಗಾಯಗೊಂಡು ಬದುಕುತ್ತಿದ್ದಾರೆ. ಚೆಂದ ಅಲ್ಲವೇ? ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು.

ನಾಳೆಯಿಂದ ಮದುಮಗಳ ಮನೆಸುತ್ತು. ಮ್ವಾಂತುಮು ಕೈಗೆ ಮೈಲಾಂಚಿ ಹಾಕಿಕೊಟ್ಟಳು, ಮದುಮಗಳ ಮದರಂಗಿ. ಕೈ ಅಲ್ಲಾಡಿಸಿದರೆ ಬೈಗುಳ.

ಜನವರಿ 13. ಮಧ್ಯಾಹ್ನ

ಹೇಗೆ ಬರೆಯಲಿ.

ಇಲ್ಲಿಯ ಪದ್ಧತಿ: ಹೊಸ ಸೊಸೆಯನ್ನು ಊರಿನ ಪ್ರತಿ ಮನೆಗೂ ಕರೆದೊಯ್ಯಬೇಕು. ಹಬ್ಬದ ಮನೆ, ಸೂತಕದ ಮನೆ ಅನ್ನುವ ಭೇದವಿಲ್ಲ. ಯಾವ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಹೋದರು, ಇವತ್ತಿನಿಂದ ಅವಳಿಗೂ ಗೊತ್ತಿರಬೇಕು. ನಾವು ಮೂವರು — ಮುಂದೆ ಅತ್ತೆ, ನಡುವೆ ನಾನು, ಹಿಂದೆ ನಗುತ್ತಾ ಮ್ವಾಂತುಮು. ಹೆಗಲಿಗೆ ಧೂಪ ಹಿಡಿಯುತ್ತಾರೆ, ಬಟ್ಟೆಯೋ ಅಕ್ಕಿಯೋ ಕೊಡುತ್ತಾರೆ, ಆಮೇಲೆ ಮನೆಯವರನ್ನು ಪರಿಚಯಿಸುತ್ತಾರೆ. ಇದ್ದವರನ್ನೂ. ಇಲ್ಲದವರನ್ನೂ.

ಮೊದಲ ಮನೆ, ಮುದುಕ ಕೊಂಬೊ ಅವರದು. "ಇದು ನನ್ನ ಹೆಂಡತಿ ಕೂರ್ತಿದ್ದ ಚಾಪೆ. ಹೋದ ವರ್ಷ ಉಪವಾಸದ ತಿಂಗಳಲ್ಲಿ ರಸ್ತೆ ದಾಟ್ತಿದ್ಳು. ಲಾರಿ."

ಮೂರನೇ ಮನೆ, ದರ್ಜಿಯದು. ಅವನ ತಮ್ಮ, ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದವನು. ಹೋದ ವರ್ಷವೇ.

ಐದನೇ ಮನೆ. ಬಾಗಿಲಲ್ಲಿ ಬಾದಾಮಿ ಮರ. ಇಬ್ಬರು ಹುಡುಗಿಯರು, ಶಾಲೆಯಿಂದ ಬರುವಾಗ. ಆ ಮನೆಯವರು ನನಗೆ ಹಳದಿ ಖಾಂಗಾ ಬಟ್ಟೆ ಕೊಟ್ಟರು. ಎರಡು ತುಂಡಿನ ಜೋಡಿ. ಹುಡುಗಿಯರಿಗೆಂದು ತೆಗೆದಿಟ್ಟದ್ದಂತೆ.

ಹೋದ ವರ್ಷ. ಹೋದ ವರ್ಷ ಸೊನ್ನೆ.

ಆಮೇಲೆ ಬಿ ಸಾಲ್ಹಾ ಅವರ ಮನೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. "ನಿನ್ನ ಗಂಡ ಚಿನ್ನ ಕಣೇ ಮಗಳೇ. ನನ್ನ ಮಗ ಬೆಳಿಗ್ಗೆ ಹೋದ. ಬೇರೆ ಪೊಲೀಸಿನವನಾಗಿದ್ರೆ ಪೋಸ್ಟ್ ಮಾರ್ಟಂ ಅಂತ ಟಾಂಗಾಕ್ಕೆ ಹೊತ್ಕೊಂಡು ಹೋಗಿ, ಎರಡು ದಿನ ಐಸಲ್ಲಿ ಇಡ್ತಿದ್ದ. ಹತೀಬು ‘ಗಾಯ ಆಗಿದೆ, ಮನೆಯವರು ಆಸ್ಪತ್ರೆಗೆ ಕರ್ಕೊಂಡು ಹೋದ್ರು’ ಅಂತ ಬರೆದು ನನ್ನ ಮಗನ್ನ ನನಗೇ ಕೊಟ್ಟ. ಸಂಜೆ ನಮಾಜಿಗೆ ಮುಂಚೆ ಮಣ್ಣಾಯ್ತು. ದೇವರು ನಿಮ್ಮಿಬ್ಬರ ಹೊಟ್ಟೆ ತಣ್ಣಗಿಡಲಿ."

ಅತ್ತೆಯ ಮುಖದಲ್ಲಿ ಎಷ್ಟು ಹೆಮ್ಮೆ. ನನಗೂ ಒಂದು ಕ್ಷಣ ಹೆಮ್ಮೆಯೇ ಆಯಿತು — ಅದನ್ನೂ ಬರೆಯಬೇಕು.

ಆಮೇಲೆ ಕಣ್ಣ ಮುಂದೆ ಗ್ರಾಫಿನ ಆ ಕತ್ತರಿ.

ಜನವರಿ 14. ಟಾಂಗಾ, ಕಚೇರಿ

ಇವತ್ತೇ ಕೆಲಸಕ್ಕೆ ಬಂದೆ. ವಾರವೆಲ್ಲ ಇಲ್ಲಿ ಅಕ್ಕನ ಮನೆಯಲ್ಲಿ, ರಜೆ ದಿನ ಊರಿಗೆ. ಬಂದವಳೇ ಜಿಲ್ಲಾಸ್ಪತ್ರೆಯ ದಾಖಲಾತಿ ವಿಭಾಗಕ್ಕೆ ಫೋನ್ ಮಾಡಿದೆ. ಹೋದ ವರ್ಷ ಕ್ವಾಸುಂಗುವಿನಿಂದ ರಸ್ತೆ ಅಪಘಾತದವರು ಎಷ್ಟು ಜನ ದಾಖಲಾದರು?

"ಕ್ವಾಸುಂಗು? ಹನ್ನೊಂದು."

ನನ್ನ ಗ್ರಾಫಿನಲ್ಲಿ ಗಂಭೀರ ಗಾಯ ನಲವತ್ತು ದಾಟಿದೆ.

ಒಂದೇ ಒಂದು ಫೋನ್. ಗಾಯದ ಗೆರೆ ಏರಿ ಸಾವಿನ ಗೆರೆ ಇಳಿದರೆ ಮೊದಲು ಮಾಡಬೇಕಾದದ್ದೇ ಇದು. ಗಾಯಗೊಂಡವರು ಎಲ್ಲಿ ಮಲಗಿದ್ದಾರೆ ಎಂದು ಕೇಳಬೇಕು. ಟ್ರೈನಿಂಗಿನ ಮೊದಲ ದಿನ ಹೇಳಿಕೊಟ್ಟಿದ್ದರು. ಬೇರೆ ಎಲ್ಲ ಚೌಕಿಗೂ ಮಾಡಿದ್ದೆ. ಇವನ ಚೌಕಿಗೆ ಮಾತ್ರ ಮಾಡಲಿಲ್ಲ. ಸೊನ್ನೆ ಹೇಳಿದ ದನಿ ಅಷ್ಟು ಚೆನ್ನಾಗಿತ್ತು.

ಜನವರಿ 19

ಹೇಳಿದೆ. ಬಾವಿಕಟ್ಟೆಯ ಹತ್ತಿರ, ಹತೀಬು ಬೂಟು ತೊಳೆಯುತ್ತಿದ್ದಾಗ.

"ನಾನು ಲೆಕ್ಕ ಬರೆದದ್ದಲ್ಲ ಝೈತು," ಅಂದ. "ಎದುರಿಗೆ ಒಬ್ಬ ತಾಯಿ ನಿಂತಿರ್ತಾಳೆ. ಸ್ವಂತ ಊರಿಗೇ ಪೋಸ್ಟಿಂಗ್ ಹಾಕಿದ್ದಾರೆ. ಆ ತಾಯಿ ನನಗೆ ಚಿಕ್ಕಂದಿನಲ್ಲಿ ಊಟ ಹಾಕಿರ್ತಾಳೆ. ಟಾಂಗಾಕ್ಕೆ ಕಳಿಸ್ತೀನಿ, ಡಾಕ್ಟರು ನಾಳೆ ಬರ್ತಾರೆ, ಕೊಯ್ತಾರೆ ಅಂತ ಅವಳಿಗೆ ಹೇಳ್ಲಾ? ಆ ಕಾಗದ ಆಮೇಲೆ ಎಲ್ಲಿಗೆ ಹೋಗುತ್ತೆ, ಯಾರು ನೋಡ್ತಾರೆ?"

"ನಾನು ನೋಡ್ತೀನಿ. ನೋಡಿ ಗ್ರಾಫ್ ಮಾಡಿದ್ದೀನಿ. ಆ ಗ್ರಾಫ್ ನೋಡಿ ಅವರು ಹಂಪ್ಸ್ ತೆಗೀತಾರೆ."

ಅದು ಅವನಿಗೆ ಗೊತ್ತಿರಲಿಲ್ಲ. ನನಗೇ ಗೊತ್ತಾದದ್ದು ಮೊನ್ನೆ. ಬಂದರಿನ ಲಾರಿಗಳಿಗೆ ಈ ದಾರಿ ನಿಧಾನವಂತೆ. ಸಾವೇ ಇಲ್ಲದ ಜಾಗದಲ್ಲಿ ಹಂಪ್ಸ್ ಯಾಕೆ, ಐವತ್ತರ ವೇಗಮಿತಿ ಯಾಕೆ ಎಂದು ಮೇಲಿನವರ ಪ್ರಶ್ನೆ. ಹಂಪ್ಸ್ ಕಿತ್ತು ಎಂಬತ್ತು ಮಾಡುತ್ತಾರೆ. ಸಭೆ ಅದಕ್ಕೇ.

ಬ್ರಶ್ ಹಿಡಿದ ಕೈ ನಿಂತಿತು. ಬೂಟು ಕೆಳಗಿಟ್ಟು ಅಂದ, "ಹೇಳೋದಾದ್ರೆ ಹೇಳು. ಬೇಡ ಅನ್ನಲ್ಲ. ಸುಳ್ಳು ದಾಖಲೆಗೆ ಜೈಲು. ನಾನು ಒಳಗೆ ಹೋದ ಮೇಲೆ ಅಮ್ಮನಿಗೆ ನೀನೇ ಹೇಳ್ಬೇಕು, ಅಷ್ಟೇ." ಬೂಟಿನೊಳಗಿನ ನೀರು ಚೆಲ್ಲಿದ. "ಇಲ್ಲಾ… ಇನ್ಮೇಲೆ ಸರಿಯಾಗಿ ಬರೀತೀನಿ. ಹಳೇದು ಬಿಟ್ಟುಬಿಡೋಣ. ಆಗುತ್ತಾ?"

ಮದುವೆಯಾಗಿ ಇನ್ನೂ ಮೈಲಾಂಚಿ ಹೋಗಿಲ್ಲ. ಆಗುತ್ತೆ, ಅಂದೆ.

ಫೆಬ್ರವರಿ 5

ನೀಲಿ ಡ್ರೆಸ್ಸು. ಹೊಸ ಚಪ್ಪಲಿ. ಪರದೆಯ ಮೇಲೆ ಗ್ರಾಫ್. ದಾರ್‌ನಿಂದ ಬಂದವರು ಐದು ಜನ, ಗೋಡಂಬಿ ತಿನ್ನುತ್ತಿದ್ದರು.

ಒಂದು ವಾಕ್ಯ ಬಾಯಿಪಾಠ ಮಾಡಿದ್ದೆ. "ಈ ಅಂಕಿಯನ್ನು ಆಸ್ಪತ್ರೆಯ ದಾಖಲೆಯೊಂದಿಗೆ ಹೋಲಿಸುವವರೆಗೆ ತೀರ್ಮಾನ ಬೇಡ." ಇಷ್ಟೇ. ಇದರಲ್ಲಿ ಹತೀಬುವಿನ ಹೆಸರು ಕೂಡ ಇಲ್ಲ.

ದೊಡ್ಡವರು ಕೇಳಿದರು, "ಡೇಟಾ ಬಗ್ಗೆ ಏನಾದ್ರೂ ಅನುಮಾನ ಇದೆಯಾ?"

ಹೋಲಿಸುತ್ತಾರೆ. ಹನ್ನೊಂದು ಸಿಗುತ್ತದೆ. ಚೌಕಿ ಯಾವುದು, ಬರೆದದ್ದು ಯಾರ ಕೈ…

"ಇಲ್ಲ ಸರ್," ಅಂದೆ.

ಚಪ್ಪಾಳೆ ಹೊಡೆದರು. ಕೆಸ್ಸಿ ಎಲ್ಲರೆದುರು ನಕ್ಕು, "ಮೇಡಂ ಈ ರಸ್ತೆಗೇ ಸೊಸೆಯಾಗಿ ಹೋಗಿದ್ದಾರೆ. ಅಷ್ಟು ನಂಬಿಕೆ!" ಅಂದರು. ಎಲ್ಲರೂ ನಕ್ಕರು. ನಾನೂ.

ಫೆಬ್ರವರಿ 23

ಬೈಕ್ ಟ್ಯಾಕ್ಸಿ ಹುಡುಗನೊಬ್ಬ ಸತ್ತ, ಸೇತುವೆಯ ಹತ್ತಿರ. ಹತೀಬು ಸರಿಯಾಗಿ ಬರೆಯಲು ಕೂತನಂತೆ. ಹುಡುಗನ ಅಪ್ಪ ಬಂದು ಇವನ ಬೂಟು ಹಿಡಿದುಕೊಂಡನಂತೆ.

ಗಂಭೀರ ಗಾಯ.

ನನಗೆ ಹೇಳುವಾಗ ಮುಖ ನೋಡಲಿಲ್ಲ. ನಾನೂ ಬೈಯಲಿಲ್ಲ. ಯಾವ ಬಾಯಿಂದ ಬೈಯಲಿ.

ಮಾರ್ಚ್ 4

ತಿಂಗಳ ಫೋನ್. "ಸಾವು ಸೊನ್ನೆ, ಮೇಡಂ." ಸೊನ್ನೆ ಬರೆದೆ.

ಮಾರ್ಚ್ 23

ಹಂಪ್ಸ್ ಹೋಯಿತು. ಹೊಸ ಡಾಂಬರಿನ ಮೇಲೆ 80 ಎಂಬ ಬೋರ್ಡು, ಹೊಳೆಯುತ್ತಿದೆ. ಹೆಂಗಸರೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಮ್ವಾಂತುಮು, "ಬಸ್ಸು ನಿಲ್ಲೋದೇ ಇಲ್ಲ ಅತ್ತಿಗೆ. ಕಿತ್ತಳೆ ಸುಲಿದು ಬಾಯಿಗೆ ಎಸೀಬೇಕು ಇನ್ಮೇಲೆ."

"ಹೋಗ್ಬೇಡ. ಸಂತೆಯಲ್ಲಿ ಕೂತು ಮಾರು."

"ಸಂತೆಯಲ್ಲಿ ಎಲ್ಲರದ್ದೂ ಕಿತ್ತಳೆನೇ. ಯಾರು ಕೊಳ್ತಾರೆ, ನೀವಾ? ನಿಮಗೆ ಸುಲಿಯೋಕೂ ಬರಲ್ಲ." ನಕ್ಕಳು. "ಸ್ವಲ್ಪ ಮುಂದಕ್ಕೆ ನಿಂತು ಕೈ ಬೀಸಿದ್ರೆ ಕೆಲವರು ನಿಲ್ಲಿಸ್ತಾರೆ. ಡ್ರೈವರುಗಳಿಗೆ ನನ್ನ ಮುಖ ಗೊತ್ತು."

ಸ್ವಲ್ಪ ಮುಂದಕ್ಕೆ ಅಂದರೆ ಬಿಳಿ ಗೆರೆಯ ಒಳಗೆ. ಹತೀಬು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದ. ಸತ್ಯ ಹೇಳಲು ಇನ್ನೂ ಹೊತ್ತಿತ್ತು. ಸೋಮವಾರವೇ ಕೆಸ್ಸಿಗೆ ಹೇಳುತ್ತೇನೆ ಅಂದುಕೊಂಡೆ.

ಮಾರ್ಚ್ 25

ಕೆಸ್ಸಿ ಬ್ಯುಸಿ. ನಾಳೆ.

ಏಪ್ರಿಲ್ 27

ಶುಕ್ರವಾರ. ನಿನ್ನೆ. ನಾನು ಜುಮ್ಮಾ ನಮಾಜಿಗೆಂದು ಬೇಗ ಊರಿಗೆ ಬಂದಿದ್ದೆ. ಒಲೆಯ ಮೇಲೆ ಅನ್ನ. ಮೊದಲ ಸಲ ತಳ ಹಿಡಿದಿರಲಿಲ್ಲ, ಮ್ವಾಂತುಮುಗೆ ತೋರಿಸಬೇಕೆಂದು ಮುಚ್ಚಳ ತೆಗೆದು ಕಾಯುತ್ತಿದ್ದೆ.

ಬ್ರೇಕಿನ ಶಬ್ದ ಕೇಳಲಿಲ್ಲ. ಹೆಂಗಸರ ಕೂಗು ಕೇಳಿತು.

ರಸ್ತೆ ತುಂಬ ಕಿತ್ತಳೆ.

ಬಸ್ಸು ಇನ್ನೊಂದು ಬಸ್ಸನ್ನು ಹಿಂದೆ ಹಾಕುತ್ತಿತ್ತು. ಇವಳು ಕೈ ಬೀಸುತ್ತಿದ್ದಳು. ಹತೀಬು ನನಗಿಂತ ಮೊದಲೇ ಅಲ್ಲಿದ್ದ, ಮಂಡಿಯೂರಿ. ಬಿಳಿ ಯೂನಿಫಾರ್ಮ್. ಅದನ್ನು ನಾನು ಬರೆಯಲಾರೆ.

ಅವಳನ್ನು ಮನೆಗೆ ತರುವ ಹಾಗಿಲ್ಲ, ಪೊಲೀಸ್ ವರದಿ ಬರೆಯುವವರೆಗೆ. ಊರೆಲ್ಲ ಸುತ್ತ ನಿಂತಿತು. ಕೊಂಬೊ ಮುದುಕ ಚಾಪೆ ತಂದರು. ಬಿ ಸಾಲ್ಹಾ ಮೈ ತೊಳೆಯುವ ಹೆಂಗಸರನ್ನು ಆಗಲೇ ಕರೆದಾಗಿತ್ತು. ಅತ್ತೆ ಅಳಲಿಲ್ಲ. ಮಗನ ಎದುರಿಗೆ ಬಂದು ನಿಂತರು.

"ಬರಿ ಮಗನೇ. ಎಲ್ಲರಿಗೂ ಬರೆದ ಹಾಗೆ ಬರಿ. ಕತ್ತಲಾಗೋದರೊಳಗೆ ನನ್ನ ಕೂಸು ಮಣ್ಣಿಗೆ ಹೋಗ್ಲಿ."

ಹತೀಬು ಪೆನ್ನು ತೆಗೆದ. ನನ್ನ ಕಡೆ ನೋಡಿದ. ಇಷ್ಟು ದಿನ ಸುಮ್ಮನಿದ್ದವಳು ನಾನು. ಈಗಲೂ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತಾನೇ ತೆರೆಯಿತು.

"ಇದ್ದದ್ದು ಬರಿ."

ಅತ್ತೆ ತಿರುಗಿ ನೋಡಿದರು. ಮದುವೆಯ ದಿನ ನನ್ನ ಹಣೆಗೆ ಮುತ್ತಿಟ್ಟ ಮುಖ ಅದು. ಯಾವತ್ತೂ ಕಂಡಿಲ್ಲವೆಂಬಂತೆ ನೋಡಿತು.

ಅವನು ಬರೆದ. ಮೃತ.

"ತಂಗಿನಾ?" ಬಿ ಸಾಲ್ಹಾ ಕಿರುಚಿದರು. "ನಿನ್ನ ಸ್ವಂತ ತಂಗಿನ ಐಸಿಗೆ ಹಾಕ್ತೀಯಾ? ನಮ್ಮ ಮಕ್ಕಳಿಗೆ ಮಾಡಿದ್ದನ್ನ ಇವಳಿಗೆ ಮಾಡಕ್ಕಾಗಲ್ವಾ?"

"ನಿಮ್ಮ ಮಕ್ಕಳಿಗೆ ಮಾಡಿದ್ದಕ್ಕೇ ಇವಳು ಹೋದ್ಳು ಚಿಕ್ಕಮ್ಮಾ," ಅಂದ. ಮೆಲ್ಲಗೆ. ಯಾರಿಗೂ ಅರ್ಥವಾಗಲಿಲ್ಲ. ನನಗೊಬ್ಬಳಿಗೆ ಆಯಿತು.

ಪಿಕಪ್ಪಿನ ಹಿಂಭಾಗದಲ್ಲಿ ನಾನೇ ಕೂತೆ, ಟಾಂಗಾವರೆಗೆ. ಚಾಪೆ ಹಾರದಂತೆ ಹಿಡಿದುಕೊಂಡು. 80ರ ಬೋರ್ಡಿನ ಮುಂದೆ ಡ್ರೈವರ್ ಸ್ಪೀಡು ಹೆಚ್ಚಿಸಿದ. ನಿಧಾನ, ಅಂದೆ. ಮತ್ತೆ ಮತ್ತೆ ಅಂದೆ. ಅವನಿಗೆ ಕೇಳಿಸಲಿಲ್ಲ.

ಏಪ್ರಿಲ್ 29

ನಿನ್ನೆ ಸಂಜೆ ಮಣ್ಣಾಯಿತು. ಅತ್ತೆ ನಮ್ಮಿಬ್ಬರೊಂದಿಗೂ ಮಾತಾಡುತ್ತಿಲ್ಲ. ನಾನು ಮಾಡಿದ ಚಹಾ ಕುಡಿಯುವುದಿಲ್ಲ. ಊರಿನವರು ಅತ್ತೆಯನ್ನು ಸಂತೈಸಿ, ನನ್ನನ್ನು ದಾಟಿ ಹೋಗುತ್ತಾರೆ.

ಹತೀಬು ಚೌಕಿಯಿಂದ ಬಂದು ಬಾವಿಕಟ್ಟೆಯ ಮೇಲೆ ಕೂರುತ್ತಾನೆ. ಪಕ್ಕದಲ್ಲಿ ಕೂತೆ. ಕೈ ಹಿಡಿದ. ಬೆರಳ ಮೇಲಿನ ಸುಟ್ಟ ಕಲೆ ಇನ್ನೂ ಇದೆ.

"ತಿಂಗಳ ಫೋನ್ ಯಾವತ್ತು?"

"ಗುರುವಾರ."

"ಕೆಸ್ಸಿ ಇರೋ ಹೊತ್ತಲ್ಲಿ ಮಾಡು."

ಮೇ 2. ಕಚೇರಿ, ಊಟದ ಹೊತ್ತು

ಕೆಸ್ಸಿ ಮೇಜಿನ ಆಚೆ ಕೂತಿದ್ದರು. ಸ್ಪೀಕರ್ ಹಾಕಿದೆ.

"ಸಣ್ಣ ಗಾಯ ಎರಡು, ಮೇಡಂ. ಗಂಭೀರ ಗಾಯ ಒಂದು, ಮೇಡಂ." ಅದೇ ದನಿ. ಒಂದೊಂದನ್ನೂ ಕೈಗಿಡುವ ದನಿ.

ಮುಂದಿನದನ್ನು ನಾನು ಕೇಳಬೇಕು. ಕೇಳಿದೆ. "ಸಾವು?"

"ಒಂದು, ಮೇಡಂ."

ಬರೆದೆ. ಕ್ವಾಸುಂಗುವಿನ ಸಾಲಿನಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಅಂಕಿ. ಕೆಸ್ಸಿ ನಾಲಿಗೆ ಲೊಚಗುಟ್ಟಿದರು. "ಛೆ, ಗೆರೆ ಹಾಳಾಯ್ತಲ್ಲ."

"ಮೇಡಂ, ಫೋನ್ ಇಡಬೇಡಿ," ಅಂದ ಹತೀಬು. "ಹಳೇದು ತಿದ್ದೋದಿದೆ. ನಾನು ಗಂಭೀರ ಗಾಯ ಅಂತ ಹೇಳಿದವರಲ್ಲಿ ಎಷ್ಟೋ ಜನ. ಅವರು ಸತ್ತಿದ್ರು. ನಾನು ನೋಡಿದ್ದೆ, ಗೊತ್ತಿದ್ದೇ ಬರೆದೆ. ಸಾರ್ಜೆಂಟ್ ಹತೀಬು, ಕ್ವಾಸುಂಗು ಚೌಕಿ. ಒಬ್ಬೊಬ್ಬರನ್ನೇ ಹೇಳ್ತೀನಿ, ಬರ್ಕೊಳ್ಳಿ."

ಕೆಸ್ಸಿ ಎದ್ದು ಬಂದರು. "ಕಟ್ ಮಾಡು ಝೈತುನಿ. ಏನು ಹೇಳ್ತಿದ್ದಾನೆ ಇವನು? ಕಟ್ ಮಾಡಮ್ಮ, ನಿನ್ನ ಗಂಡ ಕಣೇ ಅದು!"

"ಜನವರಿಯಿಂದ ನನಗೂ ಗೊತ್ತಿತ್ತು ಸರ್. ಸಭೆಗೆ ಮುಂಚೆಯೇ. ಅದನ್ನೂ ಬರೀತೀನಿ." ಹಾಳೆಯ ಮೊದಲ ಸಾಲಿನಲ್ಲಿ ಬರೆದೆ. ನನ್ನ ಹೆಸರು, ಪೂರ್ತಿ.

ಅವನು ಕಾಗದ ನೋಡಿ ಹೇಳುತ್ತಿಲ್ಲ. ಮನೆಸುತ್ತಿನ ದಾರಿಯಲ್ಲೇ ಹೋಗುತ್ತಿದ್ದಾನೆ, ಮನೆಯಿಂದ ಮನೆಗೆ. ಕೊಂಬೊ ಅವರ ಹೆಂಡತಿ. ದರ್ಜಿಯ ತಮ್ಮ. ಅವನು ಹೇಳುವ ಮೊದಲೇ ನನ್ನ ಕೈ ಬರೆಯುತ್ತದೆ. ಆ ಮನೆಗಳ ಧೂಪ ನನ್ನ ಹೆಗಲ ಮೇಲೆ ಇನ್ನೂ ಇದೆ.

ದರ್ಜಿಯ ತಮ್ಮನ ಹೆಸರಾದ ಮೇಲೆ ನಿಲ್ಲಿಸಿದ. "ಐದು ನಿಮಿಷ, ಮೇಡಂ. ನೀರು ಕುಡಿದು ಮಾಡ್ತೀನಿ." ಫೋನ್ ಇಟ್ಟ.

ಕೆಸ್ಸಿ ಹೊರಗೆ ಯಾರಿಗೋ ಫೋನ್ ಮಾಡುತ್ತಿದ್ದಾರೆ. ದಾರ್‌ಗೆ ಇರಬೇಕು, ಪೊಲೀಸಿಗೂ ಇರಬಹುದು. ಸಂಜೆಯೊಳಗೆ ಅವನ ಬಿಳಿ ಯೂನಿಫಾರ್ಮ್ ಬಿಚ್ಚಿಸುತ್ತಾರೆ. ನಿನ್ನೆ ಒಗೆದು ಇಸ್ತ್ರಿ ಮಾಡಿ ಕೊಟ್ಟಿದ್ದೆ. ರಕ್ತದ ಕಲೆ ಪೂರ್ತಿ ಹೋಗಿಲ್ಲ.

ಫೋನ್ ಹೊಡೆದುಕೊಳ್ಳುತ್ತಿದೆ. ಮುಂದಿನ ಮನೆ ಯಾವುದು ಎಂದು ಗೊತ್ತು. ಬಾದಾಮಿ ಮರದ ಮನೆ. ಇಬ್ಬರು ಹುಡುಗಿಯರು. ಅವರ ಖಾಂಗಾ ನಾನು ಇವತ್ತು ಉಟ್ಟು ಬಂದಿದ್ದೇನೆ. ಪೆನ್ನು ಹಿಡಿದೇ ಫೋನ್ ಎತ್ತುತ್ತೇನೆ.